ತಟ್ಟೆಯಂಥ ಬಲೆಯ ಜೇಡ: ಹೆದರಬೇಕೇ?

ಪ್ರಶ್ನೆ: ನಮಸ್ಕಾರ ಸರ್. ಸ್ಟೋರ್ ರೂಮಿನ ಶೆಲ್ಫ್ ಕೆಳಗೆ ತಟ್ಟೆಯ ಹಾಗೆ ಅಡ್ಡಕ್ಕೆ ಹೆಣೆದ ದುಂಡು ಬಲೆ ಇದೆ. ಅದರ ಅಡಿಗೆ ಬೂದು ಜೇಡ ಜೋತುಬಿದ್ದಿರುತ್ತದೆ. ಮೈ ಅರ್ಧ ಸೆಂಟಿಮೀಟರಿಗಿಂತ ತುಸು ದೊಡ್ಡದು, ಮುಂಗಾಲು ಉದ್ದ, ಕಾಲಿಗೆ ಕಂದು ಪಟ್ಟೆ. ಪಕ್ಕದಲ್ಲೇ ಚಪ್ಪಟೆ ಮೊಟ್ಟೆಚೀಲ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ, ಸ್ಪ್ರೇ ಹೊಡೆಯಲಾ?

ಉತ್ತರ: ಬೇಡ. ನೀವು ಹೇಳಿದ್ದು ಜೋಸಿಸ್ ಜೆನಿಕ್ಯುಲೇಟಾಗೆ ಹೊಂದುತ್ತದೆ. ಯುಲೊಬೊರಿಡೆ ಎಂಬ ಪುಟ್ಟ ಕುಟುಂಬದ್ದು. ಜಗತ್ತಿನ 50,000ಕ್ಕೂ ಹೆಚ್ಚು ಜೇಡ ಪ್ರಭೇದಗಳಲ್ಲಿ ಈ ಕುಟುಂಬದ ಪಾಲು 300ರ ಆಸುಪಾಸು. ಇವಕ್ಕೆ ವಿಷಗ್ರಂಥಿಯೇ ಇಲ್ಲ.

ಖಚಿತ ಮಾಡಿಕೊಳ್ಳಲು ಮೊಬೈಲ್ ಕ್ಯಾಮೆರಾದ ಮ್ಯಾಕ್ರೋದಲ್ಲಿ (ತೀರ ಹತ್ತಿರದ ಚಿತ್ರ ತೆಗೆಯುವ ಆಯ್ಕೆ) ಬಲೆಯ ಸುರುಳಿ ಎಳೆ ನೋಡಿ. ತೋಟದ ಜೇಡಗಳ ಎಳೆಯಲ್ಲಿ ಅಂಟಿನ ಹನಿಗಳು ಮಣಿ ಪೋಣಿಸಿದಂತೆ ಕಾಣುತ್ತವೆ. ಇದರಲ್ಲಿ ಹನಿ ಇರದು, ಹಿಂಜಿದ ಹತ್ತಿಯಂತೆ ನವಿರು ನಾರು ಇರುತ್ತದೆ. ಹಿಂಗಾಲಿನ ಬಾಚಣಿಗೆಯಂಥ ಕೂದಲಸಾಲಿನಿಂದ ಅದನ್ನು ಹಿಂಜುತ್ತದೆ.

ಪ್ರಶ್ನೆ: ವಿಷವಿಲ್ಲದೆ ನೊಣ ಸಾಯೋದು ಹೇಗೆ?

ಉತ್ತರ: ಸುತ್ತಿ ಸುತ್ತಿ ಹಿಂಡುತ್ತದೆ. ಇದೇ ಕುಟುಂಬದ ಫಿಲೊಪೊನೆಲ್ಲಾ ವಿಸಿನಾ ಒಂದು ಬೇಟೆಗೆ 140 ಮೀಟರ್‌ವರೆಗೂ ರೇಷ್ಮೆ ಸುತ್ತುವುದುಂಟು. ಬಿಗಿತಕ್ಕೆ ಕೀಟದ ಕಾಲು ಮುರಿದು ಕಣ್ಣು ಒಳಕ್ಕೆ ಕುಸಿಯುತ್ತದೆ. ಆಮೇಲೆ ಇಡೀ ಪೊಟ್ಟಣವನ್ನು ಜೀರ್ಣರಸದಲ್ಲಿ ತೋಯಿಸಿ ಹೀರುತ್ತದೆ. ಗಂಟೆಗಟ್ಟಲೆ ಕೆಲಸ, ಸೋಮಾರಿಗಳಿಗಲ್ಲ!

ಪ್ರಶ್ನೆ: ಆದರೂ ಅಲ್ಲಿಂದ ತೆಗೆಯಬೇಕು. ಗುಡಿಸಿದರೆ ಮತ್ತೆ ಬಲೆ ಬರುತ್ತೆ.

ಉತ್ತರ: ಬಲೆ ಮಾತ್ರ ಗುಡಿಸಿದರೆ ಜೇಡ ಅಲ್ಲೇ ಉಳಿದು ಹೊಸದು ಹೆಣೆಯುತ್ತದೆ. ಬಲೆಯ ಕೆಳಗೆ ಅಗಲ ಬಾಯಿಯ ಡಬ್ಬಿ ಹಿಡಿದು ಮೇಲಿಂದ ಪೋಸ್ಟ್‌ಕಾರ್ಡ್ ಇಳಿಸಿ, ಬಾಯಿ ಮುಚ್ಚಿ. ಮೊಟ್ಟೆಚೀಲವನ್ನು ಅಂಟಿದ ಎಳೆ ಸಮೇತ ಬಿಡಿಸಿ, ಎರಡನ್ನೂ ಮಳೆ ಬೀಳದ ಜಗಲಿ ಮೂಲೆಯಲ್ಲಿ ಬಿಡಿ. ಮೊಟ್ಟೆಚೀಲ ಮರೆತರೆ ಮರಿ ಹೊರಟು ಒಂದರ ಬದಲು ಹತ್ತಾರು ಬಲೆ.

ಪ್ರಶ್ನೆ: ಜೇಡ ಮೈಮೇಲೆ ಹರಿದರೆ ಗುಳ್ಳೆ ಏಳುತ್ತೆ ಅಂತಾರಲ್ಲ?

ಉತ್ತರ: ಗೆರೆ ಎಳೆದಂತೆ ಉರಿಯುವ ಗುಳ್ಳೆಗೆ ಹೆಚ್ಚಾಗಿ ಕಾರಣ ಪೀಡೆರಸ್ ಎಂಬ ಸಪೂರ ಜೀರುಂಡೆ. ಕಪ್ಪು–ಕಿತ್ತಳೆ ಮೈ, ಮಳೆಗಾಲದಲ್ಲಿ ದೀಪಕ್ಕೆ ಬರುತ್ತದೆ. ಅದು ಕಚ್ಚುವುದಿಲ್ಲ, ಮೈಮೇಲೆ ಹೊಸಕಿದಾಗ ಒಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗಿ, ಒಂದೆರಡು ದಿನಕ್ಕೆ ಗುಳ್ಳೆ ಬರುತ್ತದೆ. ಕೂತರೆ ಊದಿ ಹಾರಿಸಿ. ಹೊಸಕಿಬಿಟ್ಟಿದ್ದರೆ ಆ ಜಾಗವನ್ನೂ ಕೈಯನ್ನೂ ತಕ್ಷಣ ಸೋಪು ಹಾಕಿ ತೊಳೆಯಿರಿ. ಅದಕ್ಕೂ ಮೊದಲು ಕಣ್ಣುಜ್ಜಬೇಡಿ. ಗುಳ್ಳೆ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಹಬ್ಬಿ ನೋವಿದ್ದರೆ ಸರ್ಪಸುತ್ತು ಇರಬಹುದು, ಅವತ್ತೇ ವೈದ್ಯರಿಗೆ ತೋರಿಸಿ.