ವೈರ್‌ಲೆಸ್ ಇವಿ ಚಾರ್ಜಿಂಗ್: ಗಾಳೀಲಿ ಕರೆಂಟ್ ವೇಸ್ಟ್ ಆಗಲ್ವಾ?

ಕಾಯಿಲ್_ಹುಡುಗ: ಎಂ.ಟೆಕ್ ಪ್ರಾಜೆಕ್ಟ್‌ಗೆ ವೈರ್‌ಲೆಸ್ ಚಾರ್ಜಿಂಗ್ ತಗೊಂಡಿದೀನಿ. ಸೀರೀಸ್-ಸೀರೀಸ್ ಕಾಂಪೆನ್ಸೇಶನ್ (ನೆಲದ ಕಾಯಿಲ್, ಕಾರಿನ ಕಾಯಿಲ್ ಎರಡಕ್ಕೂ ಸರಣಿಯಲ್ಲಿ ಕೆಪಾಸಿಟರ್), ಸಿಮ್ಯುಲೇಶನ್‌ನಲ್ಲಿ ಎಲ್ಲಾ ಚೆನ್ನಾಗಿದೆ ಆದ್ರೆ ಕಾಯಿಲ್ ಸ್ವಲ್ಪ ಪಕ್ಕಕ್ಕೆ ಸರಿಸಿದ ತಕ್ಷಣ ಇನ್ವರ್ಟರ್ (ನೆಲದ ಕಾಯಿಲ್‌ಗೆ ಹೈ-ಫ್ರೀಕ್ವೆನ್ಸಿ ಎಸಿ ಕೊಡೋ ಸರ್ಕ್ಯೂಟ್) ಕರೆಂಟ್ ಏರ್ತಾ ಹೋಗುತ್ತೆ, ಯಾಕೆ? ಎರಡು ಕಾಯಿಲ್ ನಡುವೆ ಗಾಳಿಯ ಗ್ಯಾಪ್ ಇದ್ರೆ ಎಫಿಶಿಯೆನ್ಸಿ ಎಷ್ಟು ಸಿಗಬಹುದು?

ಫೆರೈಟ್ ಭಟ್ರು: ಅದು ಸಹಜ ಕಣ್ರೀ. ಕಾಯಿಲ್ ಸರಿದ್ರೆ ಮ್ಯೂಚುವಲ್ ಇಂಡಕ್ಟೆನ್ಸ್ (ಎರಡು ಕಾಯಿಲ್ ನಡುವಿನ ಮ್ಯಾಗ್ನೆಟಿಕ್ ಜೋಡಣೆ) ಕಮ್ಮಿ ಆಗುತ್ತೆ, ಸೆಕೆಂಡರಿಯಿಂದ (ಕಾರಿನ ಕಾಯಿಲ್) ಪ್ರೈಮರಿಗೆ (ನೆಲದ ಕಾಯಿಲ್) ಕಾಣೋ ರೆಸಿಸ್ಟೆನ್ಸ್ ಅದರ ವರ್ಗದ ಲೆಕ್ಕದಲ್ಲಿ ಬೀಳುತ್ತೆ, ವೋಲ್ಟೇಜ್ ಮಾತ್ರ ಅಷ್ಟೇ ಇರೋದ್ರಿಂದ ಕರೆಂಟ್ ಏರಲೇಬೇಕು. ಕಾರೇ ಇಲ್ದಿದ್ರೆ ಇನ್ವರ್ಟರ್ ಪಾಲಿಗೆ ಶಾರ್ಟ್ ಇದ್ದಂಗೆ! ಎಲ್‌ಸಿಸಿ ನೆಟ್‌ವರ್ಕ್ (ಒಂದು ಇಂಡಕ್ಟರ್, ಎರಡು ಕೆಪಾಸಿಟರ್ ಇರೋ ಕಾಂಪೆನ್ಸೇಶನ್) ಹಾಕಿ ನೋಡಿ, ಪ್ರೈಮರಿ ಕಾಯಿಲ್ ಕರೆಂಟ್ ಹೆಚ್ಚುಕಮ್ಮಿ ಸ್ಥಿರ ಇರುತ್ತೆ, ಆದ್ರೆ ಕಾಂಪೊನೆಂಟ್ ಜಾಸ್ತಿ, ಟ್ಯೂನಿಂಗ್ ತಲೆನೋವು.

ಲ್ಯಾಬ್_ಅಕ್ಕ: ಗಾಳೀಲಿ ವೇಸ್ಟ್ ಅನ್ನೋದು ತಪ್ಪು ಕಲ್ಪನೆ. ನಷ್ಟ ಆಗೋದು ಹೆಚ್ಚಾಗಿ ಕಾಯಿಲ್ ತಂತಿ, ಫೆರೈಟ್ (ಕಾಯಿಲ್‌ನ ಮ್ಯಾಗ್ನೆಟಿಕ್ ಕೋರ್), ಸ್ವಿಚ್‌ಗಳಲ್ಲಿ. ಎಸ್‌ಎಇ ಜೆ2954 (ಕಾರುಗಳ ವೈರ್‌ಲೆಸ್ ಚಾರ್ಜಿಂಗ್ ಸ್ಟ್ಯಾಂಡರ್ಡ್) ಪ್ರಕಾರ 85 ಕಿಲೋಹರ್ಟ್ಸ್ ಆಸುಪಾಸು, 11 ಕಿಲೋವ್ಯಾಟ್ ತನಕ ಇದೆ. ಆ ಫ್ರೀಕ್ವೆನ್ಸಿಗೆ ಲಿಟ್ಜ್ ವೈರ್ (ಸಣ್ಣ ಎಳೆಗಳನ್ನ ಹೆಣೆದ ತಂತಿ), ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್ (ಕಮ್ಮಿ ನಷ್ಟದ ಸ್ವಿಚ್) ಹಾಕಿದ್ರೆ 90% ದಾಟೋದು ಕಷ್ಟ ಏನಲ್ಲ. ಅಮೆರಿಕದ ಓಕ್ ರಿಡ್ಜ್ ಲ್ಯಾಬ್‌ನವರು 2024ರಲ್ಲಿ ಹ್ಯುಂಡೈ ಕೋನಾ ಕಾರಿಗೆ ಸುಮಾರು 5 ಇಂಚು ಗ್ಯಾಪ್‌ನಲ್ಲಿ 100 ಕಿಲೋವ್ಯಾಟ್ ಕೊಟ್ರು, 96% ಎಫಿಶಿಯೆನ್ಸಿ, ಪಾಲಿಫೇಸ್ ಕಾಯಿಲ್ (ಬೇರೆಬೇರೆ ಫೇಸ್‌ನ ಹಲವು ವೈಂಡಿಂಗ್) ಅದು.

ಕಾಯಿಲ್_ಹುಡುಗ: ಥ್ಯಾಂಕ್ಸ್ ಅಕ್ಕಾ. ರಸ್ತೆ ಕೆಳಗೇ ಕಾಯಿಲ್ ಹೂತರೆ?

ಫೆರೈಟ್ ಭಟ್ರು: ಕೊರಿಯಾದ ಗುಮಿಯಲ್ಲಿ 2013ರಲ್ಲೇ ಬಸ್ ಓಡಿಸಿದ್ರು. ಆದ್ರೆ ರಸ್ತೆ ಅಗೆಯೋ ಖರ್ಚು ಯಾರ ತಲೆಗೆ? ನೀವು ಮೊದ್ಲು ಓವರ್‌ಕರೆಂಟ್ ಪ್ರೊಟೆಕ್ಷನ್ ಹಾಕಿ, ಆಮೇಲೆ ಹಾರ್ಡ್‌ವೇರ್ ಆನ್ ಮಾಡಿ.