ಸಹಾಯ ಬೇಕು: ಸರಿಯಾದ ಕ್ಯಾಪ್ಷನ್ ಇರುವ ವಿಡಿಯೊ ಟಿವಿಯಲ್ಲಿ ಹುಡುಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಕಿವಿ ಮಂದ. ಇಂಗ್ಲಿಷ್ ಕ್ರಿಕೆಟ್ ಚರ್ಚೆಗಳನ್ನು ಕ್ಯಾಪ್ಷನ್ (ಮಾತು ಪರದೆಯ ಮೇಲೆ ಅಕ್ಷರವಾಗಿ ಬರುವುದು) ಹಾಕಿಕೊಂಡೇ ನೋಡುತ್ತಾರೆ. ತಾನಾಗಿ ಬರುವ ಕ್ಯಾಪ್ಷನ್ ನಮ್ಮ ಹೆಸರುಗಳು ಬಂದ ಕೂಡಲೇ ದಾರಿ ತಪ್ಪುತ್ತದೆ. ಚಿನ್ನಸ್ವಾಮಿ ಸ್ಟೇಡಿಯಂ ‘ಚೈನಾ ಸ್ವಾಮಿ’ ಆಯಿತು. ಕುಂಬ್ಳೆ ‘ಹಂಬಲ್’ ಆದರು (ಅದೇನೂ ಪೂರ್ತಿ ತಪ್ಪಲ್ಲ ಬಿಡಿ). ನೋ ಬಾಲ್ ‘ಸ್ನೋ ಬಾಲ್’ ಆದಾಗ ಅಪ್ಪ, "ಬೆಂಗಳೂರಲ್ಲಿ ಹಿಮ ಯಾವಾಗ ಬಿತ್ತೋ?" ಅಂದರು. ಲೈವ್ ಆದರೆ ಇನ್ನೂ ಕಷ್ಟ, ಬ್ಯಾಟರ್ ಔಟಾಗಿ ಹೊರಟ ಮೇಲೆ ಅಕ್ಷರ ಬರುತ್ತದೆ.

ಕ್ಯಾಪ್ಷನ್ ಮೆನುವಿನಲ್ಲಿ ‘ಆಟೊ ಜನರೇಟೆಡ್’ ಅಂತ ಇದ್ದರೆ ಅದು ಯಂತ್ರದ್ದು ಅಂತ ಗೊತ್ತು. ಆದರೆ ವಿಡಿಯೊ ಶುರುವಾದ ಮೇಲಷ್ಟೇ ಅದು ಕಾಣುತ್ತದೆ, ಅಲ್ವಾ? ಮನುಷ್ಯರೇ ಟೈಪ್ ಮಾಡಿದ ಕ್ಯಾಪ್ಷನ್ ಇರುವುದನ್ನು ಮೊದಲೇ ಆರಿಸಲು ದಾರಿ ಇದೆಯಾ? ರಿಮೋಟ್‌ನಲ್ಲೇ ಆಗುವಂಥದ್ದು ಇದ್ದರೆ ಒಳ್ಳೆಯದು. ಅಪ್ಪ ಫೋನ್ ಮುಟ್ಟುವುದಿಲ್ಲ.