ನಮ್ಮ ಖಣಿಯ ಕರಿಕಲ್ಲಿನಿಂದ ಬಸಾಲ್ಟ್ ನೂಲು ಬರುತ್ತಾ? ರಿಪೋರ್ಟ್ ನೋಡಿ ಹೇಳಿ

ಕರಿಕಲ್ಲು_ವಿಜಯಪುರ:
ಎಲ್ಲರಿಗೂ ನಮಸ್ಕಾರ. ವಿಜಯಪುರದ ಹತ್ತಿರ ನಮ್ಮ ಮಾವನ ಕಲ್ಲಿನ ಖಣಿ ಇದೆ. ಈಗ ಬರೀ ಖಡಿ ಒಡೆದು ಮಾರುತ್ತೇವೆ. ಇದೇ ಕಲ್ಲು ಕರಗಿಸಿ ನೂಲು ಎಳೆಯುತ್ತಾರೆ, ಆ ನೂಲಿನ ಸರಳನ್ನು ಕಾಂಕ್ರೀಟಿಗೆ ಕಬ್ಬಿಣದ ಬದಲು ಹಾಕುತ್ತಾರೆ ಅಂತ ಓದಿದ ಮೇಲೆ ತಲೆಯಲ್ಲಿ ಅದೇ ಓಡುತ್ತಿದೆ. ಒಂದು ಕಲ್ಲು ಲ್ಯಾಬಿಗೆ ಕೊಟ್ಟೆ. ಸಿಲಿಕಾ 49, ಅಲ್ಯುಮಿನಾ 13, ಕ್ಯಾಲ್ಸಿಯಂ ಆಕ್ಸೈಡ್ 10, ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) 6, ಕಬ್ಬಿಣದ ಆಕ್ಸೈಡ್ 13 ಪರ್ಸೆಂಟ್ ಬಂದಿದೆ. ಇಷ್ಟು ಸಾಕಾ?

ಶಿಲಾಪದರ:
ದಖ್ಖನ್ ಬಸಾಲ್ಟಿಗೆ, ಅಂದರೆ ಲಾವಾ ಆರಿ ಆದ ಈ ಕಡೆಯ ಕರಿಕಲ್ಲಿಗೆ, ಈ ಅಂಕಿಗಳು ಸಹಜ ಸರ್. ಸಿಲಿಕಾ, ಅಲ್ಯುಮಿನಾ ಕೂಡಿಸಿ, ಆ ಮೊತ್ತವನ್ನು ಕ್ಯಾಲ್ಸಿಯಂ, ಮೆಗ್ನೀಷಿಯಂ ಆಕ್ಸೈಡ್‌ಗಳ ಮೊತ್ತದಿಂದ ಭಾಗಿಸಿ. ನಿಮ್ಮದು 62 ಭಾಗಿಸು 16, ಅಂದರೆ ಸುಮಾರು 3.9. ಉದ್ದ ನೂಲಿಗೆ ಇದು ಯೋಚಿಸಬಹುದಾದ ಅಂಕಿ. ಶಾಖ ತಡೆಯುವ ಕಲ್ಲುಣ್ಣೆ ಮಾಡಲು ಮಾತ್ರ ಜಾಸ್ತಿಯಾಯಿತು, ಅದಕ್ಕೆ ಸುಣ್ಣದಕಲ್ಲು ಅಥವಾ ಡಾಲೊಮೈಟ್ ಸೇರಿಸಿ ಇಳಿಸುತ್ತಾರೆ.

ಆದರೆ ಒಂದೇ ಕಲ್ಲು ನೋಡಿ ಇಡೀ ಖಣಿಯ ಲೆಕ್ಕ ಹಾಕಬೇಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಒಂದರ ಮೇಲೊಂದು ಹರಿದು ಕೂತ ಜಾಗ ಇದು. ಪ್ರತಿ ಪದರದ ನಡುಭಾಗ ಗಟ್ಟಿ, ಮೇಲ್ಭಾಗ ತೂತುತೂತು, ಆ ತೂತುಗಳಲ್ಲಿ ಬಿಳಿಯಾಗಿ ಜಿಯೋಲೈಟ್, ಕ್ಯಾಲ್ಸೈಟ್ ಎಂಬ ಖನಿಜಗಳು ತುಂಬಿರುತ್ತವೆ. ಕುಲುಮೆಯಲ್ಲಿ ಜಿಯೋಲೈಟ್ ನೀರು ಬಿಡುತ್ತದೆ, ಕ್ಯಾಲ್ಸೈಟ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಗುಳ್ಳೆ ಉಳಿದರೆ ನೂಲು ತುಂಡಾಗುತ್ತದೆ. ಬಿಳಿ ಚುಕ್ಕೆಯ ಮೇಲೆ ಒಂದು ಹನಿ ಆಸಿಡ್ ಹಾಕಿ, ನೊರೆ ಬಂದರೆ ಕ್ಯಾಲ್ಸೈಟ್ ಇದೆ ಅಂತ ತಿಳಿಯಿರಿ.

ಕುಲುಮೆ_ಬೆಳಗಾವಿ:
ಅಣ್ಣ, ಮೇಲಿನವರು ಹೇಳಿದ್ದು ಸರಿ, ಆದರೆ ರಿಪೋರ್ಟಿನ ಅಂಕಿ ಚೆನ್ನಾಗಿದ್ದರೂ ಕುಲುಮೆಯಲ್ಲಿ ಕಲ್ಲು ಕೈಕೊಡುತ್ತದೆ. ಕಬ್ಬಿಣ ಜಾಸ್ತಿ ಇರುವುದರಿಂದ ಕರಗಿದ ಬಸಾಲ್ಟ್ ಕಪ್ಪಗಿರುತ್ತದೆ, ಕರಗಿದ ಗಾಜಿನಲ್ಲಿ ಇಳಿದ ಹಾಗೆ ಇದರಲ್ಲಿ ಶಾಖ ಒಳಗೆ ಇಳಿಯುವುದಿಲ್ಲ, ಮೇಲೆ ಕುದಿಯುತ್ತಿದ್ದರೂ ತಳ ತಣ್ಣಗೇ ಇರುತ್ತದೆ. ಸ್ವಲ್ಪ ಆರಿದರೆ ಸಾಕು, ಹರಳು ಕಟ್ಟಲು ಶುರು. ನೂಲು ಇಳಿಯುವುದು ಪ್ಲಾಟಿನಂ-ರೋಡಿಯಂ ತಟ್ಟೆಯ ಸಣ್ಣ ತೂತುಗಳಿಂದ, ಹರಳು ಬಂತು ಅಂದರೆ ಅವು ಕಟ್ಟಿಕೊಳ್ಳುತ್ತವೆ.

ಅದಕ್ಕೇ ಕರಗಿಸಿಯೇ ನೋಡಬೇಕು. ಕಲ್ಲು ಪುಡಿ ಮಾಡಿಸಿ 1450 ಡಿಗ್ರಿಯಲ್ಲಿ ಕೆಲವು ಗಂಟೆ ಕರಗಿಸಿ, ನೀರಿಗೆ ಸುರಿಸಿ. ಸಿಕ್ಕ ಗಾಜಿನ ಚೂರುಗಳನ್ನು 1200, 1250, 1300 ಡಿಗ್ರಿಯಲ್ಲಿ ಬೇರೆಬೇರೆಯಾಗಿ ಇಟ್ಟು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿಸಿ. ಎಷ್ಟು ಡಿಗ್ರಿಯ ಮೇಲೆ ಹರಳು ಇಲ್ಲವೋ, ನೂಲು ಎಳೆಯುವ ಬಿಸಿ ಅದಕ್ಕಿಂತ ಮೇಲಿರಬೇಕು. ಮಷಿನ್ ಮಾರುವವರ ಮಾತು ಕೇಳುವ ಮೊದಲು ಇದನ್ನು ಮಾಡಿಸಿ.

ಕರಿಕಲ್ಲು_ವಿಜಯಪುರ:
ತುಂಬಾ ಥ್ಯಾಂಕ್ಸ್. ನಾನು ಕೊಟ್ಟಿದ್ದು ತಳದ ಗಟ್ಟಿ ಕಲ್ಲು, ಮೇಲೆ ಬಿಳಿ ಚುಕ್ಕೆಯ ಪದರ ಇರುವುದು ನಿಜ. ಪ್ರತಿ ಪದರದಿಂದ ಬೇರೆ ಚೀಲದಲ್ಲಿ ಕಲ್ಲು ತುಂಬಿಸುತ್ತೇನೆ. ಒಂದು ಪದರಕ್ಕೆ ಎಷ್ಟು ಕಿಲೋ ಕಳಿಸಲಿ?